ಒಬ್ಬೊಬ್ಬರೇ ಕದ ತಟ್ಟುವ ಚಾಳಿ

ಸಾಗರ, ಹೊಸನಗರ, ತೀರ್ಥಹಳ್ಳಿಯ ನಮ್ಮ ಜನಕ್ಕೆ ಒಂದು ಮಾತನ್ನು ಎದುರಿಗೇ ಹೇಳಬೇಕಾಗಿದೆ. ಜಮೀನಿನ ಕಾಗದ ಹಿಡಿದು ಬೆಳಗಿನ ಮೊದಲ ಬಸ್ಸಿಗೆ ಹೊರಟು ಶಾಸಕರ ಮನೆಯ ಜಗುಲಿಯಲ್ಲಿ ಕಾಯುವುದನ್ನೇ ನಾವು ರಾಜಕೀಯ ಅಂದುಕೊಂಡಿದ್ದೇವೆ. ‘ನಮ್ಮೋರು ಇದಾರೆ, ಮಾಡಿಸಿಕೊಡ್ತಾರೆ’ ಎಂದು ನೆಮ್ಮದಿಯಿಂದ ಮನೆಗೆ ಬರುತ್ತೇವೆ. ಈ ನೆಮ್ಮದಿಯೇ ನಮ್ಮನ್ನು ಹಾಳು ಮಾಡಿದೆ.

ಬಗರ್ ಹುಕುಂ, ಅಂದರೆ ಮಂಜೂರಾತಿ ಇಲ್ಲದ ಸರ್ಕಾರಿ ನೆಲದ ಸಾಗುವಳಿಯನ್ನೇ ನೋಡಿ. 1991ರಲ್ಲಿ ಅದನ್ನು ಸಕ್ರಮ ಮಾಡಿಸಲು ನಮೂನೆ 50 ಬಂತು. 1998–99ರಲ್ಲಿ 53. 2018ರಲ್ಲಿ 57. ಪ್ರತಿ ಸಲವೂ ಸರದಿಯಲ್ಲಿ ನಿಂತೆವು. ಅಜ್ಜ ಒಂದು ನಮೂನೆ ತುಂಬಿದ, ಅಪ್ಪ ಇನ್ನೊಂದು, ಈಗ ಮಗ. ಸಕ್ರಮೀಕರಣ ಸಮಿತಿಯ ಅಧ್ಯಕ್ಷರು ಯಾರು? ಆ ಕ್ಷೇತ್ರದ ಶಾಸಕರು. ಯಾರ ಮತದಿಂದ ಗೆಲ್ಲಬೇಕೋ ಅವರ ಗದ್ದೆಯ ಹಣೆಬರಹವನ್ನು ಬರೆಯುವ ಕೈಯೂ ಶಾಸಕರದೇ. ಮೂವತ್ತು ವರ್ಷ ಇದನ್ನು ಕಣ್ಣಾರೆ ಕಂಡೂ ನಾವು ಪ್ರಶ್ನಿಸಲಿಲ್ಲ.

ಅಮೆರಿಕದ ಜೇಮ್ಸ್ ಬುಕಾನನ್ ಮತ್ತು ಗಾರ್ಡನ್ ಟಲ್ಲಕ್ 1962ರಲ್ಲಿ ಇದನ್ನೇ ಶಾಸ್ತ್ರವಾಗಿ ಬರೆದರು. ಬುಕಾನನ್ ಅವರಿಗೆ 1986ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಅವರ ವಾದ ಸರಳ: ಅಂಗಡಿಯಲ್ಲಿ ಲಾಭ ನೋಡುವ ಮನುಷ್ಯ ವಿಧಾನಸಭೆಗೆ ಹೋದ ಮಾತ್ರಕ್ಕೆ ಋಷಿಯಾಗುವುದಿಲ್ಲ. ರಾಜಕಾರಣಿ ಮತ ನೋಡುತ್ತಾನೆ, ಅಧಿಕಾರಿ ಹುದ್ದೆ ನೋಡುತ್ತಾನೆ. ಹಾಗಾಗಿ ಆಳುವವರ ಗುಣವನ್ನು ಹಾಡಿ ಹೊಗಳುವುದಕ್ಕಿಂತ, ಅವರು ಕುಳಿತ ಕುರ್ಚಿಯ ನಿಯಮ ಯಾವುದಕ್ಕೆ ಪ್ರತಿಫಲ ಕೊಡುತ್ತದೆ ಎಂದು ನೋಡಬೇಕು. ಇತ್ಯರ್ಥವಾದ ಕಡತಕ್ಕೆ ಒಂದೇ ಒಂದು ಕೃತಜ್ಞತೆ. ಬಾಕಿ ಉಳಿದ ಕಡತಕ್ಕೆ ಐದು ವರ್ಷಕ್ಕೊಮ್ಮೆ ಭರವಸೆ, ಐದು ವರ್ಷಕ್ಕೊಮ್ಮೆ ಮತ. ಹೀಗಿರುವಾಗ ನಿಮ್ಮ ಕಡತ ಬೇಗ ಮುಗಿಯಬೇಕೆಂಬ ಅವಸರ ಯಾರಿಗಿರುತ್ತದೆ?

ಶರಾವತಿ ಮುಳುಗಡೆಯ ಸಂತ್ರಸ್ತರ ಕತೆ ಇನ್ನೂ ಘೋರ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಬೆಳಕು ಇಡೀ ರಾಜ್ಯಕ್ಕೆ ಹೋಯಿತು, ನೀರು ಕೆಲವೇ ಊರುಗಳ ಮೇಲೆ ನಿಂತಿತು. ಬಹುಮತದ ತೀರ್ಮಾನ ತನ್ನ ಖರ್ಚನ್ನು ಸಣ್ಣ ಗುಂಪಿನ ತಲೆಗೆ ಕಟ್ಟಬಲ್ಲದು ಎಂಬ ಬುಕಾನನ್ ಅವರ ಆತಂಕಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಮನೆ ಕಳೆದುಕೊಂಡವರನ್ನು ತಂದು ಕಾಡಿನ ಅಂಚಿಗೆ ಇಳಿಸಿದರು, ಆ ನೆಲವನ್ನು ದಾಖಲೆಯಲ್ಲಿ ಅರಣ್ಯವೆಂದೇ ಉಳಿಸಿದರು. ಮುಂದೆ ಅದನ್ನು ಅರಣ್ಯದಿಂದ ಬಿಡಿಸುವ ಅಧಿಸೂಚನೆಗಳು ಹೊರಟವು. ಆದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಕೇಳುವ ಕೇಂದ್ರದ ಒಪ್ಪಿಗೆ ಇರಲಿಲ್ಲ. 2022ರಲ್ಲಿ ಅವು ರದ್ದಾದವು. ಕೇಂದ್ರದ ಒಪ್ಪಿಗೆ ತರುವುದು ಬೆವರಿನ ಕೆಲಸ, ಅದಕ್ಕೆ ವೇದಿಕೆಯಿಲ್ಲ. ಹಕ್ಕುಪತ್ರ ಹಂಚುವುದಕ್ಕೆ ಶಾಮಿಯಾನವಿದೆ, ಫೋಟೊ ಇದೆ. ಹಾರ ತಂದವರು ನಾವು. ಒಪ್ಪಿಗೆಯ ಪತ್ರ ಎಲ್ಲಿ ಎಂದು ಆ ದಿನ ಕೇಳುವ ಹೊಣೆ ನಮ್ಮದಾಗಿತ್ತು. ಕೇಳಲಿಲ್ಲ.

ಹೊಸನಗರದವರಿಗೆ ಇನ್ನೊಂದು ಮಾತು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ನಿಮ್ಮ ವಿಧಾನಸಭಾ ಕ್ಷೇತ್ರವೇ ಇಲ್ಲವಾಯಿತು. ತಾಲ್ಲೂಕು ಸಾಗರಕ್ಕೂ ತೀರ್ಥಹಳ್ಳಿಗೂ ಹಂಚಿಹೋಯಿತು. ಎರಡು ಕಡೆಯೂ ಅಂಚಿನ ಮತದಾರರಾದ ಮೇಲಂತೂ ಒಗ್ಗಟ್ಟು ಬಿಟ್ಟರೆ ನಿಮಗೆ ಬೇರೆ ಬಲವಿಲ್ಲ.

ನಮ್ಮ ಹಿರಿಯರು ಹೀಗಿರಲಿಲ್ಲ. 1951ರಲ್ಲಿ ಕಾಗೋಡಿನ ಗೇಣಿದಾರರು ಒಡೆಯರ ಮನೆಗೆ ಒಬ್ಬೊಬ್ಬರೇ ಹೋಗಿ ‘ನನಗೊಬ್ಬನಿಗೆ ಕೊಳಗ ಸಣ್ಣದು ಮಾಡಿ’ ಎಂದು ಅಂಗಲಾಚಲಿಲ್ಲ. ರೈತ ನಾಯಕ ಎಚ್. ಗಣಪತಿಯಪ್ಪನವರ ಜೊತೆ ನಿಂತು, ಎಲ್ಲರ ಗೇಣಿ ಭತ್ತ ಅಳೆಯಲೂ ಒಂದೇ ಅಳತೆಯ ಕೊಳಗ ಬೇಕೆಂದರು. ಒಡೆಯರು ಗದ್ದೆ ಬಿಡಿಸಿದರು, ಸರ್ಕಾರ ಜೈಲಿಗೆ ಹಾಕಿತು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಾಗರ–ಹೊಸನಗರ ಕ್ಷೇತ್ರದಿಂದ ಅದೇ ಹೋರಾಟದ ಶಾಂತವೇರಿ ಗೋಪಾಲಗೌಡರು ಗೆದ್ದರು. ಓದು ಬಾರದವರು, ನಾಳೆಯ ಗಂಜಿಗೆ ಭರವಸೆ ಇಲ್ಲದವರು ನಿಯಮ ಬದಲಾಗಲಿ ಎಂದು ಕೇಳಿದರು. ಮೊಬೈಲಿನಲ್ಲಿ ಪಹಣಿ ನೋಡಬಲ್ಲ ನಾವು ವಿನಾಯಿತಿ ಕೇಳುತ್ತಿದ್ದೇವೆ.

ಒಟ್ಟಾಗಿ ಕೇಳಲು ನಮಗೂ ಜಾಗವಿದೆ: 2006ರ ಅರಣ್ಯ ಹಕ್ಕು ಕಾಯ್ದೆ ಮೊದಲ ತೀರ್ಮಾನವನ್ನು ಗ್ರಾಮಸಭೆಯ ಕೈಗೇ ಕೊಟ್ಟಿದೆ. ಅಲ್ಲಿ ಅರ್ಧದಷ್ಟು ಸದಸ್ಯರು ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಅಡಿಕೆ ಕೊಯ್ಲು, ಮದುವೆ, ಮಳೆ ಎಂದು ನಾವು ಮನೆಯಲ್ಲಿ ಕೂತರೆ ಆ ಅಧಿಕಾರ ಯಾರಿಗೆ ಹೋಯಿತು ಎಂದು ದೂರುವ ಬಾಯಿ ನಮಗಿಲ್ಲ. ಬೇರೆ ಯಾರಾದರೂ ಹೋಗುತ್ತಾರೆ ಎಂದು ಪ್ರತಿಯೊಬ್ಬರೂ ಸುಮ್ಮನಾಗುತ್ತೇವೆ, ಯಾರೂ ಹೋಗುವುದಿಲ್ಲ.

ಮುಂದಿನ ಗ್ರಾಮಸಭೆಗೆ ನಿಮ್ಮೊಬ್ಬರ ಅರ್ಜಿ ತರಬೇಡಿ. ಊರಿನ ಅಷ್ಟೂ ಸರ್ವೆ ನಂಬರುಗಳನ್ನು ಒಂದೇ ಪಟ್ಟಿಯಲ್ಲಿ ಬರೆದು ತನ್ನಿ. ಯಾವುದು ಕಂದಾಯ, ಯಾವುದು ಅರಣ್ಯ, ಯಾವುದಕ್ಕೆ ಕೇಂದ್ರಕ್ಕೆ ಪತ್ರ ಹೋಗಿದೆ, ಅದರ ದಿನಾಂಕ ಯಾವುದು ಎಂದು ಎದ್ದು ನಿಂತು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸದೆ ಮನೆಗೆ ಹೊರಡಬೇಡಿ.