ಮೈಲಿಗೆಗೆ ಸೋಪಿಲ್ಲ, ಕೊಳೆಗೆ ಐತಿ



ಕರೂರು ಕಡೆಯ ಒಂದು ಕೇರಿಯಲ್ಲಿ ರಾತ್ರಿ ಸಭೆ ಮುಗಿಸಿ ಕೂತಿದ್ದೆವು. ಮಾತು ಎಲ್ಲಿಂದಲೋ ಬಂದು ಟವಲಿನ ಮೇಲೆ ನಿಂತಿತು. ಒಬ್ಬ ಹಿರಿಯರು ಹೇಳಿದರು: "ನಮ್ಮಪ್ಪನ ಕಾಲದಾಗ ಗೌಡ್ರ ಮನಿ ಮುಂದ ಹಾದ್ರ ಟವಲು ಹೆಗಲಿಂದ ಕಂಕುಳಿಗೆ ಇಳೀಬೇಕಿತ್ತು. ನಾನು ಹೆಗಲ ಮ್ಯಾಲೆ ಹಾಕ್ಕೊಂಡೇ ಹೋಗ್ತೀನಿ." ನಾವು ಚಪ್ಪಾಳೆ ತಟ್ಟಿದೆವು. ಬಾಗಿಲ ಹತ್ತಿರ ಕೂತಿದ್ದ ಅವರ ಹೆಂಡತಿ ಕೇಳಿದರು: "ಹೆಗಲ ಮ್ಯಾಲೆ ಹಾಕ್ಕಣಾಕ ಹೋರಾಟ ಮಾಡಿದ್ರಿ, ಚಲೋ ಆತು. ಅದನ್ನ ಒಗದವ್ರು ಯಾರು ಅಂತ ಒಂದಿನಾರ ಕೇಳೀರೇನು?"

ನಮ್ಮಲ್ಲಿ ಯಾರ ಬಾಯಲ್ಲೂ ಉತ್ತರ ಇರಲಿಲ್ಲ. ಈ ಲೇಖನ ಆ ತಾಯಿಗೆ ನಾವು ಕೊಡಬೇಕಾಗಿದ್ದ ಉತ್ತರ.

ಟವಲು, ಚಾದರ, ಕೌದಿ ಒಗೆಯುವುದು ಹೆಂಗಸರ ಕೆಲಸ, ಅದರಲ್ಲಿ ಚಳವಳಿಗೆ ಏನು ಕೆಲಸ ಅಂತ ಕೇಳುವವರಿದ್ದಾರೆ. ಈ ದೇಶದಲ್ಲಿ ಬಟ್ಟೆಯನ್ನು ಮುಂದಿಟ್ಟುಕೊಂಡು ಮಾಡಿದಷ್ಟು ಜಾತಿಯನ್ನು ಬೇರೆ ಯಾವುದರಿಂದಲೂ ಮಾಡಿಲ್ಲ. 'ಮಡಿ' ಅನ್ನುವ ಮಾತನ್ನೇ ನೋಡಿ. ಒಗೆದ ಬಟ್ಟೆಗೂ ಮಡಿ ಅಂತಾರೆ, ಮುಟ್ಟಬಾರದ ಮನುಷ್ಯನಿಗೂ ಮಡಿ ಅಂತಾರೆ. 'ಮೈಲಿಗೆ' ಅಂದರೆ ಕೊಳೆಯೂ ಹೌದು, ನಾವೂ ಹೌದು! ರೇಷ್ಮೆ ಪಂಚೆಯನ್ನು ದಿನಾ ಒಗೆಯುವುದಿಲ್ಲ. ಬೆವರು ಹಿಡಿದಿದ್ದರೂ ಪೂಜೆಗೆ ಅದು ಮಡಿ. ನಮ್ಮ ತಾಯಂದಿರು ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಬಡಿದು, ಉರಿಬಿಸಿಲಲ್ಲಿ ಒಣಗಿಸಿದ ಹತ್ತಿ ಟವಲು ಮಾತ್ರ ಮೈಲಿಗೆ. ಇದು ಶುಚಿಯ ಲೆಕ್ಕ ಅಲ್ಲ, ಜಾತಿಯ ಲೆಕ್ಕ.

ಇದಕ್ಕೆ ಸಾಕ್ಷಿ ಬೇಕಾದವರು ಮಹಾಡಕ್ಕೆ ಹೋಗಬೇಕು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನಮ್ಮ ಜನರ ಜೊತೆ ಚವದಾರ ಕೆರೆಗೆ ಇಳಿದು ನೀರು ಕುಡಿದರು. ಆಮೇಲೆ ಸವರ್ಣೀಯರು ಅದೇ ಕೆರೆಗೆ ಸಗಣಿ, ಗಂಜಲ, ಹಾಲು, ಮೊಸರನ್ನು ಕೊಡಗಟ್ಟಲೆ ಸುರಿದು 'ಶುದ್ಧ' ಮಾಡಿಕೊಂಡರು. ಮನುಷ್ಯ ಮುಟ್ಟಿದ ನೀರು ಹೊಲಸು, ಸಗಣಿ ಕಲಸಿದ ನೀರು ಶುದ್ಧ! ಅದೇ ವರ್ಷ ಡಿಸೆಂಬರಿನಲ್ಲಿ ಮಹಾಡದಲ್ಲೇ ಅವರು ನಮ್ಮ ಹೆಣ್ಣುಮಕ್ಕಳನ್ನು ಕೂರಿಸಿಕೊಂಡು ಸೀರೆ ಉಡುವ ರೀತಿಯ ಬಗ್ಗೆ ಮಾತಾಡಿದರು. ಜಾತಿಯ ಗುರುತನ್ನು ಮೈಮೇಲಿಂದ ಕಿತ್ತು ಹಾಕಿ ಅಂದರು. ಅಷ್ಟು ದೊಡ್ಡ ನಾಯಕರಿಗೆ ಸೀರೆಯ ಮಾತು ಸಣ್ಣದು ಅನ್ನಿಸಲಿಲ್ಲ. ನಮಗೆ ಟವಲಿನ ಮಾತು ಯಾಕೆ ಸಣ್ಣದಾಗಬೇಕು?

ಇನ್ನು ಒಗೆಯುವವರ ಮಾತು. ಊರಿನ ಆಯಗಾರರಲ್ಲಿ ಅಗಸರೂ ಒಬ್ಬರು. ಸುಗ್ಗಿಯಲ್ಲಿ ಕಾಳು ಪಡೆದು ಊರವರ ಬಟ್ಟೆ ಒಗೆಯುತ್ತಿದ್ದರು. ಎಷ್ಟೋ ಊರುಗಳಲ್ಲಿ ನಮ್ಮ ಕೇರಿಯ ಬಟ್ಟೆ ಮಾತ್ರ ಅವರ ಕತ್ತೆಯ ಮೇಲೆ ಏರಲಿಲ್ಲ. ನಮ್ಮ ಬಟ್ಟೆ ಮುಟ್ಟಿದರೆ ಊರವರು ಅವರಿಗೆ ಬಟ್ಟೆ ಹಾಕುತ್ತಿರಲಿಲ್ಲ, ಕಾಳು ಅಳೆಯುತ್ತಿರಲಿಲ್ಲ. ಹಾಗಾಗಿ ಅಗಸರನ್ನು ಬೈದು ನಮ್ಮ ಸಿಟ್ಟು ಖರ್ಚು ಮಾಡುವುದು ಬೇಡ. ಊರಿನ ಎಲ್ಲರ ಕೊಳೆ ತೆಗೆದವರಿಗೆ ಆ ಊರು ಏನು ಮರ್ಯಾದೆ ಕೊಟ್ಟಿತು? 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಫೋಟೋಕ್ಕೆ ಹಾರ ಹಾಕಿತು, ಒಗೆಯುವ ಕೈಯನ್ನು ಕೆಳಗೇ ಇಟ್ಟಿತು. ತಮಿಳುನಾಡಿನ ತಿರುನೆಲ್ವೇಲಿ ಕಡೆ ಇದು ಇನ್ನೂ ಕ್ರೂರವಾಗಿತ್ತು. ಅಲ್ಲಿ ಅಸ್ಪೃಶ್ಯರ ಬಟ್ಟೆ ಒಗೆಯುವುದಕ್ಕೇ ಪುದಿರೈ ವಣ್ಣಾರ್ ಅನ್ನುವ ಜನ ಇದ್ದರು. ಹಗಲು ಮುಖ ತೋರಿಸಿದರೆ ಮೈಲಿಗೆ ಅಂತ ಅವರನ್ನು ರಾತ್ರಿ ಒಗೆಯಲು ಹಚ್ಚಿದ್ದರು ಎಂಬುದು 1932ರ ಪತ್ರಿಕೆಯಲ್ಲೇ ಬಂದಿದೆ. ನಮ್ಮ ಬಟ್ಟೆ ಮುಟ್ಟಿದವರನ್ನು ನಮಗಿಂತ ಕೆಳಗೆ ತಳ್ಳಿದರು. ಜಾತಿಯ ಏಣಿ ಹೀಗೆ ಕಟ್ಟಿದ್ದು. ನಮ್ಮ ಕೆಳಗೊಬ್ಬರು ಸಿಕ್ಕರೆ ನಾವೂ ತುಳಿಯುತ್ತೇವೆ ಎಂಬ ನಂಬಿಕೆ ಕಟ್ಟಿದವರಿಗೆ ಇತ್ತು.

ಕಾನೂನು ಏನು ಹೇಳುತ್ತದೆ? 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯಲ್ಲಿ ಅಂಗಡಿ ಅಂದರೆ ಏನು ಅಂತ ಬರೆಯುವಾಗ ಕ್ಷೌರದಂಗಡಿಯ ಜೊತೆಗೆ ಲಾಂಡ್ರಿಯ ಹೆಸರನ್ನೂ ಬರೆದಿದ್ದಾರೆ. 1976ರ ತಿದ್ದುಪಡಿಯಿಂದ ಅದೇ ಕಾಯ್ದೆ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಆಯಿತು. ಹೊಳೆ, ಕೆರೆ, ಬಾವಿ, ನಲ್ಲಿ, ಸ್ನಾನಘಟ್ಟ ಬಳಸದಂತೆ ನಮ್ಮನ್ನು ತಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅದು ದೌರ್ಜನ್ಯ. ಆರು ತಿಂಗಳಿಂದ ಐದು ವರ್ಷದ ತನಕ ಜೈಲು. ಇದನ್ನು ನಮ್ಮ ಹೆಣ್ಣುಮಕ್ಕಳು ಬಾಯಿಪಾಠ ಮಾಡಬೇಕು. ಕೊಡ, ಬಕೆಟ್ಟು ಹಿಡಿದು ನೀರಿಗೆ ಹೋಗುವವರು ಅವರೇ ತಾನೆ.

ಆದರೆ ಕಾನೂನಿನಲ್ಲಿ ನೀರು ಇದ್ದರೆ ಬಕೆಟ್ಟು ತುಂಬುವುದಿಲ್ಲ. ಸಿರುಗುಪ್ಪ ಸೀಮೆಗೆ ನೀರಿಗೇನು ಕಡಿಮೆ ಅಂತ ಹೊರಗಿನವರು ಕೇಳುತ್ತಾರೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂತು. ಎರೆ ಹೊಲ ಭತ್ತದ ಗದ್ದೆ ಆಯಿತು. ಗದ್ದೆ ಯಾರದ್ದು? ನಾಟಿ ಯಾರದ್ದು? ದಿನವೆಲ್ಲ ಮೊಣಕಾಲು ತನಕ ನೀರಲ್ಲಿ ನಿಂತವಳು ಸಂಜೆ ಮನೆಗೆ ಬಂದರೆ ಮೈ ತೊಳೆಯಲು ನೀರಿಗೆ ಕಾಯಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಭತ್ತದ ಚಿಂತೆ ಎಲ್ಲರೂ ಮಾಡಿದರು. ಮಾಡಲೇಬೇಕಿತ್ತು. ಆದರೆ ಕಾಲುವೆ ಬಂದಾದ ತಿಂಗಳುಗಳಲ್ಲಿ ಕೇರಿಯ ಕೌದಿ ಎಲ್ಲಿ ಒಗೆಯುತ್ತಾರೆ ಅಂತ ಯಾವ ಮೀಟಿಂಗಿನಲ್ಲೂ ಯಾರೂ ಕೇಳುವುದಿಲ್ಲ. ಹಳೇ ಸೀರೆ ಪದರ ಪದರವಾಗಿ ಹೊಲಿದ ಕೌದಿ ನೀರು ಕುಡಿದರೆ ಒಬ್ಬರ ಕೈಗೆ ಏಳುವುದಿಲ್ಲ, ಇಬ್ಬರು ಎರಡು ಕಡೆ ಹಿಡಿದು ಹಿಂಡಬೇಕು. ಅದಕ್ಕೆ ಬೇಕಾದ ನೀರನ್ನು ಕೊಡದಲ್ಲಿ ಹೊತ್ತು ನೋಡಿದವರಿಗೆ ಮಾತ್ರ ಅದರ ತೂಕ ಗೊತ್ತು. ನೀರು ಕೊಡದೆ "ನಿಮ್ಮವರು ಸ್ವಚ್ಛ ಇರಂಗಿಲ್ರಿ" ಅನ್ನುವ ಬಾಯಿಗೆ ನಾವು ಹೇಳುವುದು ಒಂದೇ: ಕೊಳೆ ನಮ್ಮ ಗುಣ ಅಲ್ಲ, ನಲ್ಲಿ ನಿಮ್ಮ ಓಣಿಯಲ್ಲೇ ನಿಂತಿದ್ದರ ಗುಣ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ತಿರುಗಿ ನೋಡಬೇಕು. ನಮ್ಮ ಮನೆಗಳಲ್ಲಿ ಒಂದೇ ಟವಲಿಗೆ ಎಷ್ಟು ಕೆಲಸ! ಬಿಸಿಲಿಗೆ ತಲೆಗೆ ರುಮಾಲು, ಹೊಲದಲ್ಲಿ ರೊಟ್ಟಿ ಕಟ್ಟುವ ಬಟ್ಟೆ. ಮನೆಗೆ ಬಂದರೆ ಅದರಲ್ಲೇ ನಾಲ್ಕು ಜನ ಮುಖ ಒರೆಸುವುದು, ಕೂಸಿನ ಮೂಗೂ ಒರೆಸುವುದು. ಒಬ್ಬರಿಗೆ ಕಣ್ಣುಬೇನೆ ಬಂದರೆ ಮನೆಮಂದಿಗೆಲ್ಲ ಬರುವುದು ಈ ದಾರಿಯಲ್ಲೇ. ಹುಳುಕಡ್ಡಿ, ಕಜ್ಜಿ ಕೂಡ ಹಂಚಿಕೊಂಡ ಟವಲು, ಚಾದರದಿಂದ ಹರಡುತ್ತವೆ. ಇವು ದೇವರ ಶಾಪವೂ ಅಲ್ಲ, ಜಾತಿಯ ಗುಣವೂ ಅಲ್ಲ. ಹುಳುಕಡ್ಡಿ ಬೂಷ್ಟಿನ ಜಾತಿಯ ರೋಗ, ಒದ್ದೆ ಬಟ್ಟೆ ಅದಕ್ಕೆ ತವರುಮನೆ. ಕಜ್ಜಿ ತರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳ. ಮನುಷ್ಯನ ಮೈ ಬಿಟ್ಟರೆ ಅದು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ.

ಎಲ್ಲಕ್ಕಿಂತ ಅಪಾಯ ಎಣ್ಣೆ ಹೊಡೆಯುವವರ ಟವಲು. ಭತ್ತಕ್ಕೂ ಹತ್ತಿಗೂ ಕ್ರಿಮಿನಾಶಕ ಹೊಡೆಯುವ ಕೂಲಿ ನಮ್ಮ ಹುಡುಗರದ್ದು. ಮಾಲೀಕ ಮಾಸ್ಕು ಕೊಡುವುದಿಲ್ಲ, ಕೈಚೀಲ ಕೊಡುವುದಿಲ್ಲ. ಟವಲನ್ನೇ ಮೂಗು ಬಾಯಿಗೆ ಕಟ್ಟಿಕೊಂಡು ಹೊಡೆಯುತ್ತಾರೆ. ಸಂಜೆ ಆ ಟವಲು ಮನೆಮಂದಿಯ ಬಟ್ಟೆಯ ಜೊತೆ ಒಂದೇ ಬಕೆಟ್ಟಿಗೆ ಬೀಳುತ್ತದೆ. ವಿಷ ಎಲ್ಲರ ಬಟ್ಟೆಗೂ ಹತ್ತುತ್ತದೆ, ಒಗೆಯುವವಳ ಬರಿಗೈಗೂ ಹತ್ತುತ್ತದೆ. ಎಣ್ಣೆ ಹೊಡೆದ ದಿನದ ಬಟ್ಟೆಯನ್ನು ಅವತ್ತೇ, ಬೇರೆಯಾಗಿ ಒಗೆಯಬೇಕು. ಮೊದಲು ಬರೀ ನೀರಲ್ಲಿ ಜಾಲಾಡಿ, ಆಮೇಲೆ ಬಿಸಿನೀರು, ಸೋಪು. ಕೈಗೆ ರಬ್ಬರ್ ಕೈಚೀಲ ಇರಲಿ. ಆ ನೀರನ್ನು ಕಾಲುವೆಗೂ ಬಾವಿಗೂ ಬಿಡಬಾರದು. ನೀರು ಬೆರೆಸದ ಔಷಧಿ ಚೆಲ್ಲಿದ ಬಟ್ಟೆ ಎಷ್ಟು ಹೊಸದಿದ್ದರೂ ಮನೆಯೊಳಗೆ ಬರಬಾರದು. ಅದರ ದುಡ್ಡು ಮಾಲೀಕನ ಲೆಕ್ಕಕ್ಕೆ ಬರೆಯಿರಿ. ಕೂಲಿಯ ಜೊತೆ ಮಾಸ್ಕು, ಕೈಚೀಲ, ಸೋಪು ಕೇಳುವುದು ಭಿಕ್ಷೆ ಅಲ್ಲ.

ಬೋರಿನ ನೀರಲ್ಲಿ ಸೋಪು ನೊರೆ ಬರುವುದಿಲ್ಲ ಅಂತ ಎಲ್ಲ ಕಡೆ ಕೇಳುತ್ತೇವೆ. ಗಡಸು ನೀರಿನಲ್ಲಿ ಸುಣ್ಣದ ಅಂಶ ಸೋಪನ್ನು ತಿಂದುಹಾಕುತ್ತದೆ. ಉಳಿದದ್ದು ಬೂದು ಬಣ್ಣದ ಜಿಗುಟಾಗಿ ಟವಲಿಗೆ ಕೂರುತ್ತದೆ. ಮೊದಲು ನೀರಿಗೆ ಸ್ವಲ್ಪ ಒಗೆಯುವ ಸೋಡಾ ಕರಗಿಸಿ, ಆಮೇಲೆ ಸೋಪು ಹಾಕಿದರೆ ಅರ್ಧ ಸೋಪಲ್ಲಿ ಕೆಲಸ ಆಗುತ್ತದೆ. ನಮ್ಮ ಅಜ್ಜಿಯರು ಬೂದಿನೀರು, ಚೌಳುಮಣ್ಣು ಹಾಕುತ್ತಿದ್ದದ್ದು ಇದೇ ಕಾರಣಕ್ಕೆ, ಅದು ಬಡವರ ಸೋಡಾ. ಪುಡಿ ಹೆಚ್ಚು ಸುರಿದರೆ ಬಟ್ಟೆ ಹೆಚ್ಚು ಬೆಳ್ಳಗಾಗುವುದಿಲ್ಲ. ಪುಡಿ ನೂಲಲ್ಲೇ ಉಳಿದು ಟವಲು ಹಲಗೆ ಆಗುತ್ತದೆ, ನೀರು ಹೀರುವುದಿಲ್ಲ. ನೀಲಿ ಹಾಕಿದರೆ ಬೆಳ್ಳಗೆ ಕಾಣುತ್ತದೆ, ಶುಚಿ ಆಗುವುದಿಲ್ಲ. ಜಡ್ಡಿನವರ ಬಟ್ಟೆಗೆ ಕುದಿನೀರು ಬೇಕು. ಕುದಿಸಲು ಬಾರದ ಹೊದಿಕೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿ ಕಟ್ಟಿ ಒಂದು ವಾರ ಇಟ್ಟರೆ ಕಜ್ಜಿಯ ಹುಳ ಸಾಯುತ್ತದೆ. ಆದರೆ ಮನೆಮಂದಿ ಎಲ್ಲ ಒಂದೇ ದಿನ ಔಷಧಿ ಹಚ್ಚಿಕೊಳ್ಳದಿದ್ದರೆ ಒಗೆದದ್ದೂ ದಂಡ.

ಇನ್ನೊಂದು ಮಾತು, ಗಂಡಸರು ಓದಲಿ ಅಂತಲೇ ಬರೆಯುತ್ತೇವೆ. ತಿಂಗಳ ಬಟ್ಟೆಯನ್ನು ನಮ್ಮ ಹೆಣ್ಣುಮಕ್ಕಳು ಕತ್ತಲಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿ ಒಣಗಿಸುತ್ತಾರೆ. ಯಾರಿಗೆ ಹೆದರಿ? ನಮಗೆ ಹೆದರಿ. ಊರು ನಮ್ಮನ್ನು ಮೈಲಿಗೆ ಅಂದರೆ ಬೆಂಕಿಯಾಗುವ ನಾವು, ಮನೆಯೊಳಗೆ ಅದೇ ಮೈಲಿಗೆಯನ್ನು ಹೆಂಡತಿ, ಮಗಳ ಮೇಲೆ ಹೊರಿಸುತ್ತೇವೆ. ಆ ಬಟ್ಟೆಗೆ ಬಿಸಿಲು ಬೇಕು. ಬಿಸಿಲಿಗೆ ಜಾತಿಯೂ ಇಲ್ಲ, ನಾಚಿಕೆಯೂ ಇಲ್ಲ. ಅದು ಬಿಟ್ಟಿ ಸಿಗುವ ಔಷಧಿ. ಬಳ್ಳಾರಿ ಸೀಮೆಯಲ್ಲಿ ಅದಕ್ಕೆ ಬರವಿಲ್ಲ!

ಹಾಗಾದರೆ ಏನು ಮಾಡೋಣ?

ಒಂದು, ಪ್ರತಿ ಕೇರಿಗೆ ನಲ್ಲಿ, ಒಗೆಯುವ ಕಟ್ಟೆ, ಚರಂಡಿ, ಒಣಗಿಸಲು ತಂತಿ ಬೇಕು. ಗ್ರಾಮಸಭೆಯಲ್ಲಿ ಹೆಣ್ಣುಮಕ್ಕಳೇ ಎದ್ದು ಕೇಳಬೇಕು, ನಡಾವಳಿಯಲ್ಲಿ ಬರೆಸಬೇಕು. 2019ರಲ್ಲಿ ಶುರುವಾದ ಜಲಜೀವನ್ ಯೋಜನೆಯ ನಲ್ಲಿ ಮನೆ ಮುಂದೆ ನಿಂತರೆ ಸಾಲದು, ಅದರಲ್ಲಿ ನೀರು ಬರಬೇಕು.

ಎರಡು, ನಮ್ಮ ಮಕ್ಕಳ ಹಾಸ್ಟೆಲ್ಲುಗಳಲ್ಲಿ ಒಬ್ಬೊಬ್ಬರಿಗೆ ಬೇರೆ ಟವಲು, ಬೇರೆ ಚಾದರ, ವಾರಕ್ಕೊಮ್ಮೆ ಒಗೆಯಲು ಸೋಪು, ನೀರು ಇವೆಯೇ ಅಂತ ನೋಡಿಬರಬೇಕು. ನಮ್ಮಲ್ಲಿ ಎಷ್ಟೋ ಜನ ಒಂದೇ ಚಾದರದಲ್ಲಿ ಮೂವರು ಮಲಗಿ, ಕಜ್ಜಿ ಕೆರೆದುಕೊಳ್ಳುತ್ತ ಪರೀಕ್ಷೆ ಬರೆದವರು. ನಮ್ಮ ಮಕ್ಕಳಿಗೆ ಅದು ಬೇಡ.

ಮೂರು, ಇದು ನಮಗೆ ನಾವೇ ಹಾಕಿಕೊಳ್ಳುವ ಷರತ್ತು. ಈ ಪತ್ರಿಕೆ ಓದುವ ಪ್ರತಿಯೊಬ್ಬ ಗಂಡಸು ಈ ಭಾನುವಾರದಿಂದ ತನ್ನ ಟವಲು ತಾನೇ ಒಗೆಯಬೇಕು. ಕೌದಿ ಒಗೆಯುವ ದಿನ ಇನ್ನೊಂದು ತುದಿ ಹಿಡಿದು ಹಿಂಡಬೇಕು. ನೀರಿನ ಕೊಡ ಅವನೂ ಹೊರಬೇಕು.

ಗೌಡರ ಮನೆ ಮುಂದೆ ಮರ್ಯಾದೆ ಸಿಗಲಿ ಅಂತ ನಾವು ಒಗೆಯುವುದಲ್ಲ. ಎಷ್ಟು ಬೆಳ್ಳಗೆ ಒಗೆದರೂ ಜಾತಿಯವನ ಕಣ್ಣಿನ ಮೈಲಿಗೆ ಹೋಗುವುದಿಲ್ಲ, ಅದು ಕೊಳೆ ಇರುವುದು ಅವನ ಕಣ್ಣಿನಲ್ಲಿ. ನಾವು ಒಗೆಯುವುದು ನಮ್ಮ ಮೈಗೆ, ನಮ್ಮ ಕೂಸಿಗೆ.

ಕರೂರಿನ ಕಡೆಯ ಆ ತಾಯಿಗೆ ಮುಂದಿನ ಸಭೆಯಲ್ಲಿ ನಾವು ಉತ್ತರ ಹೇಳಬೇಕು. ಬರುವಾಗ ನೀವೇ ಒಗೆದ ಟವಲು ಹೆಗಲ ಮೇಲೆ ಇರಲಿ. ಯಾರು ಒಗೆದಿದ್ದು ಅಂತ ಅವರು ಕೇಳಿಯೇ ಕೇಳುತ್ತಾರೆ.

ಜೈ ಭೀಮ್.