ಪತ್ತೇದಾರನಿಗೇಕೆ ಪಂಕ್ತಿಭೇದ?

ಸಂಘದ ವಾಚನಾಲಯದ ಕಪಾಟಿಗೆ ಪುಸ್ತಕ ಆರಿಸಲು ಈಚೆಗೆ ಒಂದು ಸಂಜೆ ನಾವು ಕೆಲವರು ಕುಳಿತಿದ್ದೆವು. ಹಿರಿಯರೊಬ್ಬರ ಮನೆಯಿಂದ ಎರಡು ಚೀಲ ಪುಸ್ತಕಗಳು ಕೊಡುಗೆಯಾಗಿ ಬಂದಿದ್ದವು. ಒಂದರಲ್ಲಿ ವಚನ ಸಂಪುಟಗಳು, ಬೇಂದ್ರೆ, ಕುವೆಂಪು, ಕಾರಂತ. ಅವು ಚರ್ಚೆಯಿಲ್ಲದೆ ಕಪಾಟು ಸೇರಿದವು. ಇನ್ನೊಂದರಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ರಟ್ಟು ಕಳಚಿದ ಟಿ. ಕೆ. ರಾಮರಾಯರು, ಕನ್ನಡಕ್ಕೆ ಬಂದ ಷರ್ಲಾಕ್ ಹೋಮ್ಸ್. "ಇವು ಸಾಹಿತ್ಯ ಅಲ್ರಿ, ತಗೀರಿ" ಎಂದು ನಮ್ಮಲ್ಲಿನ ವಿದ್ವಾಂಸರೊಬ್ಬರು ಚೀಲವನ್ನು ಕಣ್ಣಿನಿಂದಲೇ ಆಚೆ ತಳ್ಳಿದರು. ಪಕ್ಕದವರು ಕನಿಕರದಿಂದ, "ಇರ್ಲಿ ಬಿಡ್ರಿ, ನಮ್ಮ ಹುಡುಗ್ರು ಇವನ್ನರ ಓದ್ಲಿ" ಎಂದರು.

ನಮ್ಮ ತಕರಾರು ಇಬ್ಬರ ಮೇಲೂ ಇದೆ.

ಮೊದಲಿಗೆ ಆ ಪುಸ್ತಕಗಳ ಮೈಯನ್ನೇ ನೋಡಬೇಕು. ಮೊದಲ ಚೀಲದ ಕೆಲವು ಸಂಪುಟಗಳ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡನೆಯ ಚೀಲದವು ಎಣ್ಣೆಯ ಬೆರಳು ತಾಗಿ, ಮೂಲೆ ಮಡಚಿ, ದಾರದಿಂದ ಮತ್ತೆ ಹೊಲಿಸಿಕೊಂಡು ಬಂದಿದ್ದವು. ಯಾವುದನ್ನು ಓದಿದ್ದಾರೆ, ಯಾವುದನ್ನು ಪೂಜಿಸಿದ್ದಾರೆ ಎಂದು ಹೇಳಲು ಹೋಮ್ಸ್ ಬೇಕಾಗಿಲ್ಲ. ವಿದ್ವಾಂಸರನ್ನೇ ಕೇಳಿದೆವು: ಇವುಗಳಲ್ಲಿ ಯಾವುದನ್ನಾದರೂ ಓದಿದ್ದೀರಾ? ಅವರು ನಕ್ಕು, ಚಿಕ್ಕಂದಿನಲ್ಲಿ ಪಠ್ಯಪುಸ್ತಕದೊಳಗೆ ಇಟ್ಟುಕೊಂಡು ಎಲ್ಲವನ್ನೂ ಓದಿದ್ದೇವೆ ಎಂದರು. ಕತ್ತಲಲ್ಲಿ ಸವಿದದ್ದನ್ನು ಬೆಳಕಿನಲ್ಲಿ ಉಗುಳುವ ಈ ರೂಢಿಯೇ ನಮ್ಮ ವಾದದ ವಸ್ತು. ಸವಿಯುವುದೂ ತೂಗುವುದೂ ಒಂದೇ ಓದಿನ ಎರಡು ಕೆಲಸಗಳು. ನಮ್ಮ ವಿಮರ್ಶೆ ಪತ್ತೇದಾರಿ ಕತೆಯನ್ನು ತೂಗದೆಯೇ ಹೊರಗಿಟ್ಟಿತು. ಅದರ ಅಭಿಮಾನಿಗಳು ತೂಗದೆಯೇ ಹೊಗಳಿದರು.

ಧಾರವಾಡದಲ್ಲೋ ಮೈಸೂರಿನಲ್ಲೋ ಈ ಜಗಳ ಕೇವಲ ಅಭಿರುಚಿಯದಾದೀತು. ಉಮರ್ಗಾ, ನಿಲಂಗಾ, ಉದಗೀರಗಳಲ್ಲಿ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ಉದಗೀರ, ನಿಲಂಗಾ 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯ ತಾಲೂಕುಗಳಾಗಿದ್ದವು ಎಂಬುದು ನಮ್ಮ ಮಕ್ಕಳಿಗೆ ಈಗ ಹೇಳಿಕೊಡಬೇಕಾದ ಸಂಗತಿ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ನುಡಿ ಉರ್ದು. ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ನಮ್ಮ ಸೀಮೆಯಲ್ಲಿ ಕನ್ನಡವೇ ವೇಷ ಮರೆಸಿಕೊಂಡು ಓಡಾಡಿದ ಕಾಲವದು. ಉರ್ದು ಕಲಿತ ನಮ್ಮ ಹಿರಿಯರಿಗೆ 1952ರಿಂದ ಅಲಹಾಬಾದಿನ 'ಜಾಸೂಸಿ ದುನಿಯಾ' ಇತ್ತು, ಇಬ್ನೆ ಸಫಿಯವರ ಕರ್ನಲ್ ಫರೀದಿ ಇದ್ದ. ಅವರ ಮಕ್ಕಳು ಮರಾಠಿ ಶಾಲೆಗೆ ಹೋದರು. ಅವರಿಗೆ ಬಾಬುರಾವ್ ಅರ್ನಾಳಕರ ಸಿಕ್ಕರು. ಸಾವಿರಕ್ಕೂ ಮಿಕ್ಕಿ ರಹಸ್ಯಕತೆ ಬರೆದ ಅರ್ನಾಳಕರರ 'ಝುಂಝಾರ್' ಮತ್ತು 'ಕಾಳಾ ಪಹಾಡ್' ನಮ್ಮ ಓಣಿಗಳಲ್ಲಿ ಕೈಯಿಂದ ಕೈಗೆ ದಾಟಿದವರು. ಹೀಗೆ ಕನ್ನಡ ನಮ್ಮಲ್ಲಿ ವಚನದ ನುಡಿಯಾಗಿ, ಭಜನೆಯ ನುಡಿಯಾಗಿ, ಅವ್ವ ಬೈಯುವ ನುಡಿಯಾಗಿ ಉಳಿಯಿತು. ಊಟ ಮರೆತು, ದೀಪದ ಬುಡದಲ್ಲಿ, ಯಾವ ಪರೀಕ್ಷೆಗೂ ಅಲ್ಲದೆ ಓದುವ ನುಡಿಯಾಗಿ ಮಾತ್ರ ಉಳಿಯಲಿಲ್ಲ. ಆ ಕೆಲಸಕ್ಕೆ ನಾವು ಬೇರೆ ಭಾಷೆಗಳನ್ನು ನೇಮಿಸಿಕೊಂಡೆವು. ಬೀದರಿಗೋ ಕಲಬುರಗಿಗೋ ಹೋದವರು ಬಸ್ ನಿಲ್ದಾಣದ ಅಂಗಡಿಯಿಂದ ತಂದ ನಾಲ್ಕಾರು ನರಸಿಂಹಯ್ಯನವರೇ ಅಪವಾದ. ಅಂಥ ನಾಲ್ಕಾರನ್ನು ನಾವೀಗ ಚೀಲಸಮೇತ ಹೊರಗೆ ಹಾಕಲು ಹೊರಟಿದ್ದೇವೆ.

ಸಾಂದರ್ಭಿಕವಾಗಿ ಇನ್ನೊಂದು ಮಾತು. ನಮ್ಮ ಸಮ್ಮೇಳನಗಳ ಮಹಾದ್ವಾರದಲ್ಲಿ ಹಾರುವ ಹಳದಿ-ಕೆಂಪು ಬಾವುಟವನ್ನು ರೂಪಿಸಿದವರು ಮ. ರಾಮಮೂರ್ತಿ. ಅವರು ಕನ್ನಡ ಚಳವಳಿಯ ಸೇನಾನಿಯಾಗಿದ್ದಂತೆ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು. ಬಾವುಟಕ್ಕೆ ಕೈಮುಗಿದು ಪುಸ್ತಕಕ್ಕೆ ಬಾಗಿಲು ಮುಚ್ಚುವುದು ಯಾವ ನ್ಯಾಯ?

ಇನ್ನು "ಇವನ್ನರ ಓದ್ಲಿ" ಎಂದವರಿಗೆ. ಈ ಕರುಣೆ ತಿರಸ್ಕಾರಕ್ಕಿಂತ ಹೆಚ್ಚು ಕೇಡು ಮಾಡಿದೆ. ನರಸಿಂಹಯ್ಯನವರು ಓದುಗರನ್ನು ಬೆಳೆಸಿದರು, ಅವರನ್ನು ಓದಿದವರು ಮುಂದೆ ಕಾರಂತರನ್ನು ಓದಿದರು ಎಂದು ಪ್ರತಿ ಶ್ರದ್ಧಾಂಜಲಿಯಲ್ಲೂ ಹೇಳುತ್ತಾರೆ. ಮಾತು ನಿಜವೇ ಇರಬಹುದು. ಆದರೆ ಇದು ಲೇಖಕನನ್ನು ಗಾಳದ ಹುಳುವಾಗಿಸುವ ಹೊಗಳಿಕೆ. ಪ್ರಾಥಮಿಕ ಶಾಲೆಯಾಚೆಗೆ ಓದದ, ಬಸ್ ಕಂಡಕ್ಟರನಾಗಿಯೂ ದುಡಿದ ಒಬ್ಬ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯರನ್ನು ಮನೆಮಾತಾಗಿಸಿದರು. 1925ರಲ್ಲಿ ಹುಟ್ಟಿ 2011ರವರೆಗೆ ಬಾಳಿದರು. ಇಷ್ಟು ದೀರ್ಘ ಕಾಲದಲ್ಲಿ ಅವರ ಒಂದು ಕಾದಂಬರಿಯನ್ನಾದರೂ ಹರವಿಕೊಂಡು, ಇದು ಇಲ್ಲಿ ಗೆದ್ದಿದೆ, ಇಲ್ಲಿ ಸೋತಿದೆ ಎಂದು ಹೇಳುವ ಗೌರವವನ್ನು ಎಷ್ಟು ಮಂದಿ ವಿಮರ್ಶಕರು ಕೊಟ್ಟರು?

ತೂಗುವುದು ಹೇಗೆ ಎಂಬುದಕ್ಕೆ ಮೊದಲು ಹೊರಗಿನ ಒಂದು ಕತೆಯನ್ನು ತೆಗೆದುಕೊಳ್ಳೋಣ. (ಗುಟ್ಟು ಒಡೆಯಲಿದ್ದೇವೆ, ಓದದವರು ಮುಂದಿನ ಪರಿಚ್ಛೇದವನ್ನು ದಾಟಿ ಹೋಗಬಹುದು.) ಡಾಯ್ಲ್ 1892ರಲ್ಲಿ ಬರೆದ 'ದಿ ಸ್ಪೆಕಲ್ಡ್ ಬ್ಯಾಂಡ್' ಎಂಬ ಹೋಮ್ಸ್ ಕತೆ ಜಗತ್ತಿಗೆಲ್ಲ ಪ್ರಿಯ, 1927ರಲ್ಲಿ ಸ್ವತಃ ಡಾಯ್ಲ್ ತಮ್ಮ ಮೆಚ್ಚಿನ ಹೋಮ್ಸ್ ಕತೆಗಳ ಪಟ್ಟಿ ಕೊಟ್ಟಾಗ ಅದಕ್ಕೇ ಮೊದಲ ಸ್ಥಾನ ಕೊಟ್ಟರು.

ಆ ಕತೆಯಲ್ಲಿ ಕೊಲೆಗಾರ ಭಾರತದಿಂದ ತಂದ ಒಂದು ಹಾವು. ಅದು ಹಾಲು ಕುಡಿಯುತ್ತದೆ, ಶಿಳ್ಳೆ ಕೇಳಿ ಮರಳುತ್ತದೆ, ತೂಗುಬಿಟ್ಟ ಹಗ್ಗ ಹಿಡಿದು ಇಳಿದು ಹತ್ತುತ್ತದೆ. ತೊಗರಿ ಹೊಲದಲ್ಲಿ ಹಾವು ಕಂಡ ಉಮರ್ಗಾದ ಯಾವ ರೈತನೂ ಇದನ್ನು ಕೇಳಿ ನಗುತ್ತಾನೆ. (ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವವರೂ ನಾವೇ, ಆ ಮಾತು ಬೇರೆ.) ವಿವೇಕದಿಂದ ನೋಡಿದರೆ ಕತೆಯ ಕೀಲೇ ಮುರಿದಿದೆ. ಆದರೂ ದೀಪವಿಲ್ಲದ ಆ ಕೋಣೆಯಲ್ಲಿ ಹೋಮ್ಸ್, ವಾಟ್ಸನ್ ಕಾದು ಕುಳಿತ ರಾತ್ರಿಯನ್ನು ಹತ್ತನೆಯ ಸಲ ಓದುವಾಗಲೂ ನಮ್ಮ ಉಸಿರು ಹಿಡಿಯುತ್ತದೆ. ಅದಕ್ಕೆ ಕಾರಣ ಹಾವಲ್ಲ. ಮಗಳ ಮದುವೆಯಾದರೆ ತಾಯಿಯ ಆಸ್ತಿಯ ಪಾಲು ಅವಳೊಡನೆ ಹೋಗುತ್ತದೆ. ಹೋಗದಿರಲೆಂದು ಮಲತಂದೆ ಅವಳ ಮಂಚವನ್ನು ನೆಲಕ್ಕೆ ಬಿಗಿದಿದ್ದಾನೆ. ತನ್ನ ಮನೆಯಲ್ಲೇ ಅಲುಗಾಡದ ಮಂಚದ ಮೇಲೆ ಮಲಗಬೇಕಾದ ಹೆಣ್ಣುಮಗಳ ಭಯ, ಅದೇ ಆ ಕತೆಯ ಸತ್ವ. ಹೆಣ್ಣುಮಕ್ಕಳ ಪಾಲಿಗಾಗಿ ತಹಶೀಲಿ ಕಚೇರಿಗೆ ಅಲೆದ ಯಾವ ಮನೆಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾವಿಗೆ ನಕ್ಕು, ಮಂಚಕ್ಕೆ ಬೆಚ್ಚಿ ಓದುವುದು ಸಾಧ್ಯ. ನಾವು ಕೇಳುವುದು ಇಂಥ ಓದನ್ನು.

ಇದೇ ತಕ್ಕಡಿಯಲ್ಲಿ ನರಸಿಂಹಯ್ಯನವರನ್ನು ಇಡೋಣ. ಅವರ ಗದ್ಯ ಓಡುತ್ತದೆ. ವಾಕ್ಯ ಚಿಕ್ಕದು, ಸಂಭಾಷಣೆ ಚುರುಕು, ಸಂಸ್ಕೃತದ ಆಡಂಬರ ಕಡಿಮೆ. ಕನ್ನಡ ಶಾಲೆಯ ಮೆಟ್ಟಿಲು ಹತ್ತದೆ, ಅಕ್ಷರ ಕೂಡಿಸಿಕೊಂಡು ಓದುವ ನಮ್ಮ ಗಡಿಭಾಗದವನೂ ಎಲ್ಲಿಯೂ ಎಡವದೆ ಹತ್ತು ಪುಟ ದಾಟುತ್ತಾನೆ. ಅನೇಕ ನವ್ಯ ಗದ್ಯಕಾರರಿಗೆ ಇದು ಒಲಿದಿಲ್ಲವೆಂದು ನಾವು ಅಂಜದೆ ಹೇಳುತ್ತೇವೆ. ಆದರೆ ಪಾತ್ರಗಳು ಹೆಸರಿನ ಚೀಟಿ ಅಂಟಿಸಿಕೊಂಡು ನಿಂತಿರುತ್ತವೆ. ಹೆಂಗಸರು ಹೆಚ್ಚಾಗಿ ಬಲಿ ಅಥವಾ ಬಲೆ. ಗಂಟು ಬಿಚ್ಚಬೇಕಾದಲ್ಲಿ ಆಕಸ್ಮಿಕ ಬಂದು ಕತ್ತರಿಸಿಬಿಡುತ್ತದೆ. ಓದುಗನಿಂದ ಸುಳಿವು ಬಚ್ಚಿಡಬಾರದು, ಆಕಸ್ಮಿಕದಿಂದ ಪತ್ತೇದಾರನನ್ನು ಪಾರುಮಾಡಬಾರದು ಎಂದು ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ 1929ರಲ್ಲೇ ಕಟ್ಟಳೆ ಹಾಕಿದ್ದರು. ಆ ಕಟ್ಟಳೆಯ ಮುಂದೆ ನಮ್ಮ ಪುರುಷೋತ್ತಮ ಹಲವು ಸಲ ಸೋಲುತ್ತಾನೆ. ಇದನ್ನು ಹೇಳಿದರೆ ನಮ್ಮ ಪ್ರೀತಿಯೇನೂ ಕರಗುವುದಿಲ್ಲ.

ಇನ್ನೂ ಗಂಭೀರವಾದ ದೋಷವೊಂದಿದೆ. ಅದರಲ್ಲಿ ಇಡೀ ಪ್ರಕಾರವೇ ಪಾಲುದಾರ. ಪತ್ತೇದಾರಿ ಕತೆಗೆ ಪೊಲೀಸ್ ಠಾಣೆಯ ಒಳಗೋಡೆ ಕಾಣುವುದು ಅಪರೂಪ. ಅಪರಾಧಿ ಸಿಕ್ಕಿಬಿದ್ದ ಕೂಡಲೇ ಕತೆ ಮುಗಿಯುತ್ತದೆ. ಹುಟ್ಟಿನಿಂದಲೇ ಅಪರಾಧಿಗಳೆಂದು ಬ್ರಿಟಿಷರು 1871ರ ಕಾಯ್ದೆಯಲ್ಲಿ ಮುದ್ರೆ ಒತ್ತಿದ ಜಾತಿಗಳ ಜನ ನಮ್ಮ ಸೀಮೆಯಲ್ಲಿ ಊರೂರಿಗೂ ಇದ್ದಾರೆ. ಅಂಥವರನ್ನು ತಂತಿಬೇಲಿಯೊಳಗೆ ಕೂಡಿಟ್ಟ ವಸಾಹತು ಸೊಲ್ಲಾಪುರದಲ್ಲೇ ಇತ್ತು. ಕಾಯ್ದೆ ರದ್ದಾದದ್ದು 1952ರಲ್ಲಿ. ಲಾತೂರು ಜಿಲ್ಲೆಯವರೇ ಆದ ಲಕ್ಷ್ಮಣ ಗಾಯಕವಾಡರು 1987ರಲ್ಲಿ ಮರಾಠಿಯಲ್ಲಿ 'ಉಚಲ್ಯಾ' ಎಂಬ ಆತ್ಮಕಥನ ಬರೆದರು; ಮರುವರ್ಷ ಅದಕ್ಕೆ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಕಳವು ನಡೆದಲ್ಲೆಲ್ಲ ಮೊದಲು ಯಾರ ಗುಡಿಸಲಿಗೆ ಲಾಠಿ ಬರುತ್ತದೆ ಎಂಬುದು ಅದರಲ್ಲಿದೆ. ಆ ಪುಸ್ತಕ ಓದಿ ಮುಗಿಸಿ ಯಾವುದೇ ಪತ್ತೇದಾರಿ ಕಾದಂಬರಿಯನ್ನು ತೆರೆದರೂ, "ಸಂಶಯಾಸ್ಪದ ವ್ಯಕ್ತಿ" ಎಂಬ ಮಾತು ಮೊದಲಿನಂತೆ ಸರಾಗವಾಗಿ ಓದಿಸಿಕೊಳ್ಳುವುದಿಲ್ಲ. ಪತ್ತೇದಾರಿ ಕತೆಯ ಮೇಲೆ ನಮ್ಮ ವಿದ್ವಾಂಸರು ಹೊರಿಸಬಹುದಾಗಿದ್ದ ಅತಿ ಬಲವಾದ ಆರೋಪ ಇದು. ಓದದೆ ಬಿಸಾಡಿದ್ದರಿಂದ ಅದೂ ಅವರ ಕೈತಪ್ಪಿತು.

ಪ್ರಕಾರಕ್ಕೇ ಈ ಶಕ್ತಿಯಿಲ್ಲ ಎನ್ನುವವರಿಗೆ ಎರಡು ಹೆಸರು ಸಾಕು. 1932ರಲ್ಲಿ ಬಂಗಾಳಿಯಲ್ಲಿ ಬ್ಯೋಮಕೇಶ ಬಕ್ಷಿಯನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರು ನಮ್ಮ ತುಂಗಭದ್ರೆಯ ದಡದ ವಿಜಯನಗರವನ್ನು ಕುರಿತು ಐತಿಹಾಸಿಕ ಕಾದಂಬರಿಯನ್ನೂ ಬರೆದವರು. ಒಂದೇ ಲೇಖನಿ, ಎರಡಕ್ಕೂ ಒಂದೇ ಶ್ರದ್ಧೆ. ಕನ್ನಡದಲ್ಲಿ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'. ಅದು ಶುರುವಾಗುವುದು ಒಂದು ಸಾವಿನ ತನಿಖೆಯಿಂದ, ಗುಪ್ತಚರ ಇಲಾಖೆಯ ಅಧಿಕಾರಿಯೊಬ್ಬನಿಂದ. ಕೊಲೆಗಾರನನ್ನು ಹುಡುಕಹೊರಟ ಕತೆಗೆ ಕಡೆಗೆ ಸಿಗುವುದು ಇಡೀ ಊರಿನ ರೋಗ. ಅದಕ್ಕೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಅಂದು ಯಾರೂ ಪತ್ತೇದಾರಿಗೆ ಪ್ರಶಸ್ತಿ ಬಂತೆನ್ನಲಿಲ್ಲ. ಚೆನ್ನಾಗಿದ್ದರೆ ಸಾಹಿತ್ಯ, ಇಲ್ಲದಿದ್ದರೆ ಪತ್ತೇದಾರಿ: ಹೀಗೆ ಲೆಕ್ಕ ಬರೆದರೆ ಆ ಪ್ರಕಾರದ ಖಾತೆಯಲ್ಲಿ ಜಮೆ ಎಂದಾದರೂ ಬಿದ್ದೀತೆ?

ನಾವು ಸಭೆಯಲ್ಲಿ ಇಷ್ಟೆಲ್ಲ ಹೇಳಲಿಲ್ಲ. ಚಹಾ ಆರುವವರೆಗೆ ಜಗಳವಾಡಿದೆವು ಅಷ್ಟೆ. ಎರಡನೆಯ ಚೀಲ ಈಗ ಕಪಾಟಿನ ಕೆಳಗಿನ ಅರೆಯಲ್ಲಿ, ವಚನ ಸಂಪುಟಗಳ ನೇರ ಕೆಳಗಿದೆ. ಒಂದು ಕರಾರಿನ ಮೇಲೆ ಅದಕ್ಕೆ ಜಾಗ ಸಿಕ್ಕಿತು: ಪುಸ್ತಕ ಒಯ್ದವರು ಮರಳಿಸುವಾಗ ವಹಿಯಲ್ಲಿ ಕನ್ನಡದಲ್ಲೇ ನಾಲ್ಕು ಸಾಲು ಬರೆಯಬೇಕು. ಅಪರಾಧಿ ಯಾರೆಂದು ಯಾವ ಪುಟದಲ್ಲಿ ಹೊಳೆಯಿತು, ಲೇಖಕರು ಎಲ್ಲಿ ಮೋಸ ಮಾಡಿದರು, ಮತ್ತೊಮ್ಮೆ ಓದುವಂಥ ಪುಟ ಯಾವುದು. ವಹಿಯ ಮೊದಲ ಸಾಲಿನಲ್ಲಿ ಆ ವಿದ್ವಾಂಸರದೇ ಸಹಿ ಇದೆ. ಅವರು ಒಯ್ದ ಪುಸ್ತಕ ಇನ್ನೂ ಮರಳಿಲ್ಲ.