ಬೋರ್ಡಿಗೆ ಕನ್ನಡ, ಕಣ್ಣಿಗೆ ಇಂಗ್ಲಿಷ್

ಗೆಳೆಯರೇ, ನಿಮ್ಮಲ್ಲಿ ಎಷ್ಟು ಮಂದಿ ಚಷ್ಮಾ ಕಿತ್ತೆಸೆಯುವ ಕನಸು ಕಾಣುತ್ತಿದ್ದೀರಿ? ಹೆಣ್ಣು ನೋಡಲು ಹೋದಾಗ, ಪೊಲೀಸ್ ಭರ್ತಿಗೆ ನಿಂತಾಗ, ಮಳೆಯಲ್ಲಿ ಬೈಕ್ ಓಡಿಸುವಾಗ ಅದೆಂಥ ಪೀಡೆ ಎಂದು ನನಗೂ ಗೊತ್ತು. ಹದಿನೈದು ವರ್ಷ ಹಾಕಿದವನು. ಲೇಸರ್ ಮಾಡಿಸಿಕೊಂಡು ತೆಗೆದೆ. ಆಮೇಲೆ ಏನಾಯಿತು ಕೇಳಿ.

ನಾನು ಬೀದರ ಜಿಲ್ಲೆಯ ಘಾಟಬೋರಾಳದವನು. ನಮ್ಮ ಹುಮನಾಬಾದಿನಿಂದ ಹೈದರಾಬಾದ್ 150 ಕಿ.ಮೀ. ಆಸುಪಾಸು, ಬೆಂಗಳೂರು 600 ಕಿ.ಮೀ.ಗೂ ಮೇಲೆ. ನಮ್ಮ ಕಡೆಯ ರೋಗಿಗಳು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವುದು ರೂಢಿ. ನಾನು ಹಠ ಹಿಡಿದು ಬೆಂಗಳೂರಿಗೆ ಹೋದೆ. ನಮ್ಮ ರಾಜಧಾನಿ, ನಮ್ಮ ಭಾಷೆಯಲ್ಲಿ ಹೇಳುತ್ತಾರೆ, ನಮ್ಮ ಭಾಷೆಯಲ್ಲೇ ಕೇಳಬಹುದು ಎಂಬ ಹುಚ್ಚು ಅಭಿಮಾನ!

ಆಸ್ಪತ್ರೆಯ ಹೆಸರು ಬೇಡ. ಒಂದನ್ನು ಬೈದರೆ ಉಳಿದವೆಲ್ಲ ಒಳ್ಳೆಯವಾಗಿಬಿಡುತ್ತವೆ. ಹೊರಗೆ ದೊಡ್ಡ ಕನ್ನಡ ಬೋರ್ಡು. ಒಳಗೆ ಪ್ಯಾಕೇಜ್ ದರ, ಕಂತಿನ ಲೆಕ್ಕ ಎಲ್ಲ ಹಿಂದಿಯಲ್ಲಿ. ಆಪರೇಷನ್ನಿಗೆ ಅರ್ಧ ಗಂಟೆ ಮೊದಲು, ಕಣ್ಣಿಗೆ ಹನಿ ಹಾಕಿದ ಮೇಲೆ, ಕೈಗೆ ಬಂತು ಆರು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರ. ನನಗೆ ಕನ್ನಡ ಬರುತ್ತದೆ, ಉರ್ದು ಬರುತ್ತದೆ, ಮರಾಠಿ ತಿಳಿಯುತ್ತದೆ. ಡಾಕ್ಟರರ ಇಂಗ್ಲಿಷ್ ಬರುವುದಿಲ್ಲ. ಬಂದಿದ್ದರೂ ಹನಿ ಬಿದ್ದ ಕಣ್ಣಿಗೆ ಅಕ್ಷರ ಕಾಣುತ್ತಿರಲಿಲ್ಲ ಬಿಡಿ. "ಸುಮ್ಮನೆ ಫಾರ್ಮಾಲಿಟಿ, ಸೈನ್ ಹಾಕಿ ಸಾರ್" ಎಂದರು. ಹಾಕಿದೆ. ತಪ್ಪು ನನ್ನದೂ ಇದೆ.

ಮೊದಲ ವಾರ ಸ್ವರ್ಗ! ಗಡಿಯಾರದ ಮುಳ್ಳು ಹಾಸಿಗೆಯಿಂದಲೇ ಕಂಡಿತು. ಆಮೇಲೆ ಶುರುವಾಯಿತು. ಮಧ್ಯಾಹ್ನವಾದರೆ ಕಣ್ಣಲ್ಲಿ ಉಸುಕು ಬಿದ್ದ ಹಾಗೆ ಉರಿ. ರಾತ್ರಿ ಹೆದ್ದಾರಿ 65ಕ್ಕೆ ಬೈಕ್ ಇಳಿಸಿದರೆ ಎದುರು ಬರುವ ಪ್ರತಿ ಲಾರಿಯ ದೀಪದ ಸುತ್ತ ಒಂದು ಬಳೆ. ಒಂದೂವರೆ ವರ್ಷವಾಯಿತು, ಕತ್ತಲಾದ ಮೇಲೆ ಬೈಕ್ ಮುಟ್ಟಿಲ್ಲ. ಅವ್ವ ಅನ್ನುತ್ತಾಳೆ: "ಚಷ್ಮಾ ಇದ್ದಾಗ ಛಲೋ ಇದ್ದಿ. ರೊಕ್ಕ ಕೊಟ್ಟು ಕಣ್ಣಾಗ ಉಸುಕು ಹಾಕಿಸ್ಕೊಂಡು ಬಂದೀ."

ಮತ್ತೆ ಹೋಗಿ ಕೇಳಿದರೆ ಉತ್ತರ ಏನು ಗೊತ್ತೇ? "ಫಾರಂನಲ್ಲೇ ಇತ್ತಲ್ಲ, ನೀವೇ ಸೈನ್ ಮಾಡಿದ್ದೀರಿ." ಊರಿಗೆ ಬಂದು ಪರಿಚಯದ ಮೇಷ್ಟ್ರ ಕೈಲಿ ಓದಿಸಿದೆ. ನಿಜ, ಇತ್ತು! ಒಣಗಣ್ಣು, ರಾತ್ರಿಯ ಬಳೆ, ಎಲ್ಲವೂ ನಾಲ್ಕನೇ ಪುಟದಲ್ಲಿ ಇತ್ತು.

ಲೇಸರ್ ಎಂದರೆ ಮಂತ್ರವಲ್ಲ. ಕಣ್ಣಿನ ಮುಂದಿನ ಪಾರದರ್ಶಕ ಪದರ ಕಾರ್ನಿಯಾ, ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಲಾಸಿಕ್‌ನಲ್ಲಿ ಅದರ ಮೇಲ್ಪದರವನ್ನು ಮುಚ್ಚಳದಂತೆ ಕೊಯ್ದು ಎತ್ತಿ, ಒಳಗೆ ಲೇಸರಿನಿಂದ ಸವೆಸಿ ಆಕಾರ ಬದಲಿಸುತ್ತಾರೆ. ಕೊಯ್ಯುವಾಗ ಅಲ್ಲಿಯ ನರದ ಎಳೆಗಳೂ ಕತ್ತರಿಸುತ್ತವೆ. ಕಣ್ಣು ಒಣಗಿದೆ, ನೀರು ಬಿಡು ಎಂದು ಹೇಳುವುದು ಆ ಎಳೆಗಳೇ. ಕತ್ತಲಲ್ಲಿ ಪಾಪೆ ಅಗಲವಾದಾಗ ಸವೆಸಿದ ಜಾಗದ ಅಂಚಿನಿಂದಲೂ ಬೆಳಕು ನುಗ್ಗುತ್ತದೆ. ಬಳೆ ಮೂಡುವುದಕ್ಕೆ ಅದೊಂದು ಕಾರಣ. ಇಷ್ಟು ಹೇಳಲು ಕನ್ನಡದಲ್ಲಿ ಪದಗಳಿಗೆ ಬರವೇ?

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನ ನೋಡಿ. ಮೊದಲು ಇಂಥ ತೊಂದರೆ ಇಲ್ಲದವರಲ್ಲಿ ಶೇಕಡ 46ರವರೆಗೆ ಜನರಿಗೆ ಮೂರು ತಿಂಗಳಾದಾಗ ಬಳೆ, ಪ್ರಖರತೆಯಂಥ ಒಂದಾದರೂ ಹೊಸ ತೊಂದರೆ ಇತ್ತು. ಶೇಕಡ 30ರವರೆಗೆ ಒಣಗಣ್ಣು. ದಿನದ ಕೆಲಸಕ್ಕೇ ತೀರಾ ಕಷ್ಟವಾದವರು ಶೇಕಡ 1ಕ್ಕಿಂತ ಕಡಿಮೆ, ಹೆಚ್ಚಿನವರು ತೃಪ್ತರೇ. ಅದನ್ನೂ ಹೇಳಬೇಕು. ಲೇಸರ್ ಮೋಸ ಎಂದು ನನ್ನ ವಾದವಲ್ಲ. ಇದನ್ನೆಲ್ಲ ಕೇಳಿಯೂ ನಾನು ಹೂಂ ಅನ್ನುತ್ತಿದ್ದೆನೋ ಏನೋ. ನನಗೆ ಕೇಳಿಸಲೇ ಇಲ್ಲವಲ್ಲ!

ನಾವೇನು ಮಾಡುತ್ತಿದ್ದೆವು? 2023ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಬೋರ್ಡುಗಳಿಗಾಗಿ ಬೀದಿಗಿಳಿದೆವು. 2024ರಲ್ಲಿ ನಾಮಫಲಕದಲ್ಲಿ ಶೇಕಡ 60 ಕನ್ನಡ ಎಂದು ಕಾನೂನಿಗೆ ತಿದ್ದುಪಡಿ ಬಂತು. ಸಂತೋಷ. ಆದರೆ ಬೋರ್ಡಿನ ಕೆಳಗೆ ನಡೆದು ಒಳಗೆ ಹೋದವನು ಸಹಿ ಹಾಕುವ ಕಾಗದದಲ್ಲಿ ಶೇಕಡ ಎಷ್ಟು? ಸೊನ್ನೆ! ಸರ್ಕಾರಿ ಮಿಂಟೋ ಆಸ್ಪತ್ರೆಯಲ್ಲಿ 2019ರ ಜುಲೈನಲ್ಲಿ ಪೊರೆ ತೆಗೆಸಿಕೊಂಡ ಹಲವರ ದೃಷ್ಟಿ ಹೋಯಿತು. ನವೆಂಬರಿನಲ್ಲಿ ನಮ್ಮವರು ಅವರ ಪರವಾಗಿ ಹೋದರು, ಕಿರಿಯ ವೈದ್ಯರ ಜೊತೆ ಜಗಳವಾಯಿತು, ವೈದ್ಯರು ಮುಷ್ಕರ ಹೂಡಿದರು. ಸುದ್ದಿಯಾದದ್ದು ಜಗಳ. ಕಣ್ಣು ಕಳೆದುಕೊಂಡವರು ಮೂಲೆಗೆ ಸರಿದರು. ಆಸ್ಪತ್ರೆಯಲ್ಲಿ ಕೈ ಎತ್ತಬಾರದು, ಕಾಗದ ಎತ್ತಬೇಕು ಎಂದು ನಮ್ಮವರೊಳಗೇ ಹೇಳಿಕೊಳ್ಳುವ ಧೈರ್ಯ ಬೇಕು.

ಕಾನೂನು ನಮ್ಮ ಕಡೆಗೇ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿತು: ಚಿಕಿತ್ಸೆಯ ಸ್ವರೂಪ, ಅಪಾಯ, ಬೇರೆ ದಾರಿ ಇವನ್ನು ಸಾಕಷ್ಟು ತಿಳಿಸಿ ಪಡೆದದ್ದೇ ನಿಜವಾದ ಒಪ್ಪಿಗೆ ಎಂದು. ಹೊಸ ಔಷಧಿಯನ್ನು ನಮ್ಮ ಮೇಲೆ ಪ್ರಯೋಗಿಸಬೇಕಾದರೆ ನಮಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕೆಂದು ನಿಯಮವಿದೆ. ದುಡ್ಡು ಕೊಟ್ಟು ಕಣ್ಣು ಒಡ್ಡುವವನು ಅದಕ್ಕಿಂತ ಕಡೆಯೇ?

ಆದ್ದರಿಂದ ಗೆಳೆಯರೇ, ಲೇಸರಿಗೆ ಹೋಗುವವರು ಒಪ್ಪಿಗೆ ಪತ್ರವನ್ನು ಒಂದು ವಾರ ಮೊದಲೇ ಕೇಳಿ, ಕನ್ನಡದಲ್ಲಿ ಕೇಳಿ. ಹನಿ ಹಾಕುವ ಮುಂಚೆ! ಕೊಡದಿದ್ದರೆ, ಆ ಕಾಗದದ ಮೇಲೆಯೇ "ನನಗೆ ಈ ಭಾಷೆ ತಿಳಿಯುವುದಿಲ್ಲ" ಎಂದು ಕನ್ನಡದಲ್ಲಿ ಬರೆದು ವಾಪಸ್ ಕೊಡಿ. ನಮ್ಮ ಚಿಕ್ಕಪ್ಪನ ಮಗಳು ಮೊನ್ನೆ ಬೇರೊಂದು ಆಸ್ಪತ್ರೆಯಲ್ಲಿ ಇದನ್ನೇ ಮಾಡಿದಳು. ಕಾರ್ನಿಯಾ ಎಷ್ಟು ದಪ್ಪ ಇದೆ, ಎಷ್ಟು ಉಳಿಯುತ್ತದೆ, ನಲವತ್ತು ದಾಟಿದ ಮೇಲೆ ಓದುವ ಚಷ್ಮಾ ಬೇಕಾಗುತ್ತದೆಯೋ ಎಂದು ಪ್ರಶ್ನೆಗಳನ್ನೂ ಬರೆದುಕೊಟ್ಟಳು. ಕೌಂಟರಿನವರು ಮುಖ ಮುಖ ನೋಡಿಕೊಂಡರಂತೆ. ಕನ್ನಡದಲ್ಲಿ ಉತ್ತರ ಬರೆಸಿಕೊಡಲು ಎರಡು ದಿನ ಸಮಯ ಕೇಳಿದ್ದಾರೆ. ಅವಳು ಚಷ್ಮಾ ಹಾಕಿಕೊಂಡೇ ಕಾಯುತ್ತಿದ್ದಾಳೆ.